ಸೈಕಲ್‌ನ ಕ್ಲೀಟ್ ಶೂ ಬಗ್ಗೆ ಒಂದು ಸ್ಪಷ್ಟನೆ

‘ಕ್ಲೀಟ್ ಹಾಕುವ ಶೂ ಯಾವುದಾದರೂ ಸರಿ, ಎಲ್ಲ ಕ್ಲಿಪ್ ಪೆಡಲ್‌ಗೂ ಕೂರುತ್ತದೆ’ ಎಂಬ ಸಂದೇಶ ಓಡಾಡುತ್ತಿದೆ. (ಕ್ಲೀಟ್ ಅಂದರೆ ಶೂ ಅಡಿಗೆ ಬೋಲ್ಟ್ ಹಾಕಿ ಕೂರಿಸುವ ತುಂಡು; ಅದನ್ನು ಕಚ್ಚಿ ಹಿಡಿಯುವ ಪೆಡಲ್ಲೇ ಕ್ಲಿಪ್ ಪೆಡಲ್.) ಓದದೆ ನಾನೂ ನಾಲ್ಕು ಜನಕ್ಕೆ ಕಳಿಸಿದ್ದೆ. ಅದು ತಪ್ಪು.

ಶೂ ತಿರುಗಿಸಿ ಅಡಿಭಾಗ ನೋಡಿದರೆ ಗೊತ್ತಾಗುತ್ತದೆ. ಶಿಮಾನೊ ಕಂಪನಿಯ ಎಸ್‌ಪಿಡಿ ಮಾದರಿ ಕ್ಲೀಟ್‌ಗೆ 2 ಬೋಲ್ಟ್. ರೋಡ್ ಸೈಕಲ್‌ನವರು ಬಳಸುವ ಎಸ್‌ಪಿಡಿ-ಎಸ್‌ಎಲ್, ಲುಕ್ ಕೀಯೊ ಮಾದರಿಗಳಿಗೆ 3. ಎಡವುವುದು ಇಲ್ಲೇ: ಕೊನೆಯ ಎರಡಕ್ಕೂ ಒಂದೇ ಶೂ ಆದೀತು, ಆದರೆ ಒಂದರ ಕ್ಲೀಟ್ ಇನ್ನೊಂದರ ಪೆಡಲ್‌ಗೆ ಸರಿಯಾಗಿ ಕಚ್ಚುವುದಿಲ್ಲ. ಹಾಗಾಗಿ ಮೊದಲು ಪೆಡಲ್ ಆರಿಸಿ, ಅದರ ಕ್ಲೀಟ್ ಕೂರುವ ಶೂ ಆಮೇಲೆ.

‘ಕ್ಲಿಪ್ ಇಲ್ಲದೆ ಕಲಿಯಲಾಗದು’ ಎಂಬ ಸಾಲೂ ಆ ಸಂದೇಶದಲ್ಲಿದೆ. ಅದೂ ನಿಜವಲ್ಲ, ಚಪ್ಪಟೆ ಪೆಡಲ್, ಗಟ್ಟಿ ಅಟ್ಟೆಯ ಮಾಮೂಲಿ ಶೂ ಧಾರಾಳ ಸಾಕು.

ಆ ಸಂದೇಶ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.