ಏಲಕ್ಕಿ ಅಗಿದರೆ ಮೆಷಿನ್‌ಗೆ ಗೊತ್ತಾಗಲ್ವಾ?

ವಾರದ ಕೊನೆ ಬಂತೆಂದರೆ ಆ ಮೆಸೇಜ್ ಮತ್ತೆ ಬರುತ್ತದೆ: ಕುಡಿದು ಗಾಡಿ ಓಡಿಸುವಾಗ ಪೊಲೀಸರು ತಡೆದರೆ ಏಲಕ್ಕಿ ಅಗಿಯಿರಿ, ಇಲ್ಲವೇ ಬಾಯಲ್ಲಿ ತಾಮ್ರದ ನಾಣ್ಯ ಇಟ್ಟುಕೊಳ್ಳಿ, ಪೊಲೀಸರು ಊದಿಸುವ ಮೆಷಿನ್‌ಗೆ ಕುಡಿದದ್ದು ಗೊತ್ತಾಗಲ್ಲ ಅಂತ. ಗೆಳೆಯರಿಗೆ ಉಪಯೋಗವಾಗಲಿ ಅಂತಲೇ ಕಳಿಸಿರುತ್ತಾರೆ. ಆದರೆ ಮಾತು ನಿಜವಲ್ಲ.

ಏಲಕ್ಕಿ ಮುಚ್ಚುವುದು ವಾಸನೆಯನ್ನು. ಮೆಷಿನ್‌ಗೆ ಮೂಗಿಲ್ಲ, ಅಲ್ವಾ? ಕುಡಿದದ್ದು ರಕ್ತಕ್ಕೆ ಸೇರುತ್ತದೆ, ರಕ್ತದಿಂದ ಶ್ವಾಸಕೋಶದ ಗಾಳಿಗೆ ಬರುತ್ತದೆ. "ಇನ್ನೂ ಊದಿ, ಇನ್ನೂ ಊದಿ" ಅನ್ನುವುದು ಅದಕ್ಕೇ. ಮೊದಲು ಬರುವುದು ಬಾಯಿಯ ಗಾಳಿ, ಬೇಕಿರುವುದು ಎದೆಯ ಆಳದ್ದು. ಅನೇಕ ಮೆಷಿನ್‌ಗಳಲ್ಲಿ ಪ್ಲಾಟಿನಂ ಇರುವ ಸೆನ್ಸರ್ ಇರುತ್ತದೆ. ಆಲ್ಕೋಹಾಲ್ ತಾಗಿದರೆ ಸಣ್ಣ ಕರೆಂಟ್ ಹುಟ್ಟುತ್ತದೆ, ಅಳೆಯುವುದು ಅದನ್ನೇ. ನಾಣ್ಯಕ್ಕೆ ಇಲ್ಲಿ ಕೆಲಸವೇ ಇಲ್ಲ.

ಹಾಗಂತ ಮೆಷಿನ್ ತಪ್ಪೇ ಮಾಡಲ್ಲ ಅಂತಲ್ಲ. ಆಲ್ಕೋಹಾಲ್ ಇರುವ ಮೌತ್‌ವಾಶ್‌ನಿಂದ ಆಗಷ್ಟೇ ಬಾಯಿ ಮುಕ್ಕಳಿಸಿದ್ದರೆ ಕುಡಿಯದವರಿಗೂ ಅಂಕಿ ಏರಬಹುದು. 15 ನಿಮಿಷ ಕಾದು ಮತ್ತೆ ಊದಿದರೆ ಸಾಮಾನ್ಯವಾಗಿ ಇಳಿದಿರುತ್ತದೆ. ಮೆಷಿನ್‌ಗೆ ಆಗಾಗ ಕ್ಯಾಲಿಬ್ರೇಶನ್, ಅಂದರೆ ಅಳತೆ ಸರಿಯಿದೆಯಾ ಅಂತ ನೋಡಿ ಹೊಂದಿಸುವುದು ಕೂಡ ಆಗಬೇಕು. ಅನುಮಾನವಿದ್ದರೆ ಕೇಳುವುದು ಇವನ್ನು.

ಇಂಥ ಮೆಸೇಜ್ ಬಂದಾಗ ಒಂದೇ ಒಂದು ನೋಡಿ: ಏಲಕ್ಕಿ ಅಗಿಯುವ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಬರೆದಿದ್ದಾರಾ? ಸುಮ್ನೆ "ಗ್ಯಾರಂಟಿ" ಅಂತಷ್ಟೇ ಇರುತ್ತದೆ. ಕಾನೂನಿನ ಮಾತಾದರೆ ಸರ್ಕಾರದ ಇಂಡಿಯಾ ಕೋಡ್ ವೆಬ್‌ಸೈಟ್‌ನಲ್ಲಿ 1988ರ ಮೋಟಾರು ವಾಹನ ಕಾಯ್ದೆ ಪೂರ್ತಿ ಸಿಗುತ್ತದೆ. 185ನೇ ಸೆಕ್ಷನ್ ತೆಗೆಯಿರಿ, 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಎಂಬ ಮಿತಿ ಅಲ್ಲೇ ಇದೆ. ರಕ್ತ ಪರೀಕ್ಷೆಯ ವಿಷಯ 204ರಲ್ಲಿದೆ.