ಅಟ್ಟದಲ್ಲಿ ಬೋನು, ಜಗುಲಿಯಲ್ಲಿ ಬಾಣಂತನ

ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಹೆಂಚಿನ ಮನೆ. ಅಟ್ಟದಲ್ಲಿ ಅಡಿಕೆ ಮೂಟೆ, ಮೂಟೆ ಸಂದಿಯಲ್ಲಿ ಇಲಿ, ಇಲಿಗೆ ಬೋನು. ಮೂರು ತಲೆಮಾರಿನಿಂದ ಇದೇ ಏರ್ಪಾಡು. ಅಂಥ ಮನೆಗೆ ಮಗಳು ಶಿವಮೊಗ್ಗದಿಂದ ದುಡ್ಡು ಕೊಟ್ಟು ಎರಡು ಬಿಳಿ ಇಲಿ ತಂದಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು, “ಹೇಳಿದ್ರೆ ಅಟ್ಟದಿಂದ ಪುಕ್ಕಟೆ ಹಿಡ್ಕೊಡ್ತಿದ್ನಲ್ಲೇ” ಅಂದರು.

ಅಂಗಡಿಯವನು ಎರಡೂ ಹೆಣ್ಣು ಅಂದಿದ್ದನಂತೆ. ಇಲಿಯ ಬಸಿರು 19ರಿಂದ 21 ದಿನ. ಅವನ ಮಾತು ಸುಳ್ಳಾಗಲು ಒಂದು ತಿಂಗಳೂ ಬೇಕಾಗಲಿಲ್ಲ. ಒಂದು ಬೆಳಿಗ್ಗೆ ಪೇಪರ್ ಚೂರಿನ ಗೂಡಿನಲ್ಲಿ ಒಂಬತ್ತು ಮರಿ. ಅವರೆಕಾಳಿನಷ್ಟು ದಪ್ಪ, ಕೆಂಪಗೆ, ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ. ಚರ್ಮ ಎಷ್ಟು ತೆಳುವೆಂದರೆ ಕುಡಿದ ಹಾಲು ಹೊಟ್ಟೆಯಲ್ಲಿ ಬಿಳಿ ಮಚ್ಚೆಯಂತೆ ಹೊರಗಿನಿಂದಲೇ ಕಾಣುತ್ತದೆ. ಮಚ್ಚೆ ಕಂಡರೆ ಮರಿಗೆ ಹೊಟ್ಟೆ ತುಂಬಿದೆ ಅಂತ. ನಮ್ಮ ಮಕ್ಕಳಿಗೂ ಹೀಗೇ ಕಾಣುವಂತಿದ್ದರೆ ಅಜ್ಜಿಯರ ‘ಮಗು ಏನೂ ಉಂಡಿಲ್ಲ’ ತಕರಾರು ಅರ್ಧಕ್ಕೆ ಇಳೀತಿತ್ತು, ಅಲ್ವಾ?

ಎರಡು ವಾರಕ್ಕೆ ಮರಿಗಳು ಕಣ್ಣು ಬಿಟ್ಟವು. ಕಣ್ಣು ಬಿಡಬೇಕಾಗಿದ್ದು ನಾವು. ಹೆತ್ತ ಇಲಿ ಅದೇ ದಿನ ಮತ್ತೆ ಬಸಿರಾಗಬಲ್ಲದು. ಅದು ಗೊತ್ತಾಗುವಷ್ಟರಲ್ಲಿ ಎರಡನೇ ಬಾಣಂತನ. ಮರಿಗಳೂ ಐದಾರು ವಾರಕ್ಕೆ ಪ್ರಾಯಕ್ಕೆ ಬರುತ್ತವೆ, ಅಣ್ಣ ತಂಗಿ ಅನ್ನೋ ಲೆಕ್ಕ ಅವಕ್ಕಿಲ್ಲ. ಅದಕ್ಕೆ ಮೊದಲೇ ಗಂಡು ಹೆಣ್ಣು ಬೇರೆ ಮಾಡಬೇಕು. ಗಂಡುಗಳನ್ನು ಒಟ್ಟಿಗಿಟ್ಟರೆ ಬೆನ್ನು ಬಾಲ ಕಚ್ಚಿ ರಂಪ. ಕೊನೆಗೆ ಹಿಸೆಯಾದ ಮನೆಯ ಹಾಗೆ ಜಗುಲಿ ತುಂಬಾ ಬೇರೆ ಬೇರೆ ಡಬ್ಬಿ. ಇಲಿ ಮರಿ ಮಾಡಿಸೋಕೆ ಯಾವ ವಿದ್ಯೆಯೂ ಬೇಡ. ನಿಲ್ಲಿಸೋಕೆ ಬೇಕು.

ಆಷಾಢ ಬಂತು. ಮಳೆಗೆ ಹಾಸು ಒಣಗಲಿಲ್ಲ, ಉಚ್ಚೆಯ ಘಾಟು ಡಬ್ಬಿಯಲ್ಲೇ ನಿಂತಿತು. ತಾಯಿ ಇಲಿ ಉಸಿರೆಳೆದಾಗಲೆಲ್ಲ ಟಿಕ್ ಟಿಕ್ ಸದ್ದು. ದನದ ಡಾಕ್ಟ್ರ ಹತ್ತಿರ ಒಯ್ದೆವು. ತೂಗಿದರೆ 30 ಗ್ರಾಂ. “ಎಮ್ಮೆಗೆ ಬಾಟ್ಲಿ ಲೆಕ್ಕ ಮಾರಾಯ್ರೆ, ಇದಕ್ಕೆ ಹನೀನೇ ಪಾಲು ಮಾಡ್ಬೇಕಲ್ಲ!” ಅಂದರು. ಇಲಿಗೆ ಎದೆಯ ಸೋಂಕು ಬೇಗ ಹಿಡಿಯುತ್ತದೆ, ಘಾಟಿಗೆ ಇನ್ನೂ ಜಾಸ್ತಿ, ಗಾಳಿಯಾಡಲಿ ಅಂತ ಹೇಳಿ ಕಳಿಸಿದರು. ಅಂದಿನಿಂದ ಬಚ್ಚಲೊಲೆಯ ಮೇಲೆ ನಮ್ಮ ಬಟ್ಟೆ ಜೊತೆ ಇಲಿಯ ಹಾಸೂ ಒಣಗತೊಡಗಿತು. ಇಲಿ ಉಳಿಯಿತು. ಅದರ ಮಗಳೊಂದು ಮಾತ್ರ ಮೊಲೆಯ ಗಂಟಾಗಿ ಹೋಯಿತು. ಹೆಣ್ಣಿಲಿಗಳಿಗೆ ಅದೂ ಬರುವುದುಂಟು.

ಇವುಗಳ ಆಯಸ್ಸು ಸುಮಾರು ಎರಡು ವರ್ಷ. ಅಮೆರಿಕದ ಲ್ಯಾಬಿನಲ್ಲೊಂದು ಇಲಿ 2003ರಲ್ಲಿ ಸತ್ತಾಗ ಅದಕ್ಕೆ ಐದು ವರ್ಷ ತುಂಬಲು ಒಂದೇ ವಾರ ಬಾಕಿಯಿತ್ತು. ಬೆಳವಣಿಗೆಯ ಹಾರ್ಮೋನು ಮೈಗೆ ಹತ್ತದಂತೆ ಮಾಡಿದ್ದ ಕುಳ್ಳ ಇಲಿ ಅದು. ನಮ್ಮವಕ್ಕೆ ಆ ಯೋಗವಿಲ್ಲ. ನೆಟ್ಟ ಅಡಿಕೆ ಸಸಿ ಫಸಲಿಗೆ ಬರುವ ಮೊದಲೇ ಎರಡು ಇಲಿಗಳ ಜನ್ಮ ಮುಗಿದಿರುತ್ತದೆ.

ಐದನೇ ಕ್ಲಾಸಿನಲ್ಲಿದ್ದ ಮಗಳು ಈಗ ಏಳನೇ ಕ್ಲಾಸು. ತಾಯಿ ಇಲಿ ಮುದುಕಿಯಾಗಿದೆ. ಬೆನ್ನು ಗೂನು, ಕೂದಲು ವಿರಳ. ಅಜ್ಜಿ ಬಯ್ಯುತ್ತಲೇ ನೆನೆಸಿದ ಕಡಲೆಯನ್ನು ಚಿವುಟಿ ಕೊಡುತ್ತಾರೆ. ಅದು ಎರಡೂ ಕೈಯಲ್ಲಿ ಹಿಡಿದು, ನಡುನಡುವೆ ನಿದ್ದೆ ತೂಗುತ್ತಾ ತಿನ್ನುತ್ತದೆ.

ನಿನ್ನೆ ರಾತ್ರಿ ಅಟ್ಟದಲ್ಲಿ ಬೋನು ಟಪ್ಪಂತ ಬಿತ್ತು. ಮುದುಕಿ ಕಡಲೆ ಬಿಟ್ಟು ಕಿವಿ ನಿಮಿರಿಸಿತು. ಮಗಳು ನನ್ನ ಮುಖ ನೋಡಿದಳು. ನಾನು ಸುಮ್ನೆ ಎದ್ದು ನೀರು ಕುಡಿಯಲು ಹೋದೆ.