ಫೋಟೋಶಾಪಣ್ಣ

ಮದುವೆ ವಿಡಿಯೋನ ಫೋಟೋಶಾಪಲ್ಲಿ ಕಲರ್ ಮಾಡೋರನ್ನ ನೀವು ನೋಡಿದೀರೋ ಇಲ್ವೋ, ನಾನು ದಿನಾ ನೋಡ್ತೀನಿ, ಯಾಕಂದ್ರೆ ನನಗೆ ಸಂಬಳ ಕೊಡೋರೇ ಅವರು. ದಾವಣಗೆರೆ ಪಿ.ಜೆ. ಬಡಾವಣೆ ಕಡೆ ನಮ್ಮ ಸ್ಟುಡಿಯೋ, ಓನರ್‌ಗೆ ಎಲ್ಲರೂ ಅಣ್ಣ ಅಂತೀವಿ. ಅಣ್ಣಂಗೆ ಪಾಸ್‌ಪೋರ್ಟ್ ಫೋಟೋನೂ ಫೋಟೋಶಾಪು, ಜಾತ್ರೆ ಫ್ಲೆಕ್ಸೂ ಫೋಟೋಶಾಪು, ಲಗ್ನಪತ್ರಿಕೆನೂ ಫೋಟೋಶಾಪು, ಯಾರ್ಯಾರು ಎಷ್ಟು ಬಾಕಿ ಕೊಡ್ಬೇಕು ಅನ್ನೋ ಲೆಕ್ಕಾನೂ ಅದರಲ್ಲೇ ಟೈಪ್ ಮಾಡಿ ಇಟ್ಕೊಂಡಿದಾರೆ. "ಡಾವಿಂಚಿ ರಿಸಾಲ್ವ್ ಅಂತ ಐತಣ್ಣ, ಕಲರಿಂಗ್‌ಗೆ ಹೇಳಿ ಮಾಡ್ಸಿದ್ದು, ಫ್ರೀ ವರ್ಷನ್ನೇ ನಮಗೆ ಸಾಕಾಗಿ ಮಿಕ್ತೈತೆ" ಅಂದ್ರೆ, "ಫೋಟೋಶಾಪ್ನಾಗೆ ವಿಡಿಯೋ ಓಪನ್ ಆಗ್ತೈತೋ ಇಲ್ಲೋ, ಅಷ್ಟು ಹೇಳು" ಅಂತಾರೆ.

ಆಗುತ್ತೆ, ಅದೇ ಬಂದಿರೋ ಗ್ರಹಚಾರ. 2012ರ ಸಿಎಸ್6 ವರ್ಷನ್ನಿಂದ ಮಾಮೂಲಿ ಫೋಟೋಶಾಪಲ್ಲೇ ವಿಡಿಯೋ ಟೈಮ್‌ಲೈನ್ ಐತೆ, ಕ್ಲಿಪ್ ಹಾಕಿ ಮೇಲೊಂದು ಬೆಳಕು-ಬಣ್ಣ ತಿದ್ದೋ ಕರ್ವ್ಸ್ ಲೇಯರ್ ಹೊದಿಸಿದ್ರೆ ಮುಗೀತು. ಚಿಕ್ಕ ಕ್ಲಿಪ್ ಆದ್ರೆ ಚೆನ್ನಾಗೇ ಬರುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಸೆಕೆಂಡಿಗೆ 25 ಫ್ರೇಮು ಅಂದ್ರೆ ಗಂಟೆಗೆ 90,000, ನಮ್ಮ ಕಂಪ್ಯೂಟರ್ರೋ ಅಣ್ಣನ ಸ್ಕೂಟರಿನ ವಾರಿಗೆಯದು.

ಅದಕ್ಕೆ ಅಣ್ಣ ಯೂಟ್ಯೂಬ್ ನೋಡಿ ಒಂದು ಅಡ್ಡದಾರಿ ಕಲ್ತಿದಾರೆ. ಒಂದೇ ಒಂದು ಫ್ರೇಮ್ ತೆಗೆದು ಅದಕ್ಕೆ ಬಣ್ಣ ಕಟ್ಟೋದು, ಆ ಬಣ್ಣಾನ ಲಟ್ (LUT) ಅನ್ನೋ ಫೈಲಾಗಿ ಎಕ್ಸ್‌ಪೋರ್ಟ್ ಮಾಡೋದು, ಇಡೀ ಮದುವೆಗೆ ಬಳಿಯೋದು. ಲಟ್‌ಗೆ ಈ ಬಣ್ಣ ಬಂದ್ರೆ ಆ ಬಣ್ಣ ಮಾಡು ಅನ್ನೋದಷ್ಟೇ ಗೊತ್ತು, ಎದುರಿಗಿರೋದು ಮದುಮಗಳೋ ಮೈಕ್ ಸೆಟ್ಟೋ ಅದಕ್ಕೇನು. ಮೊನ್ನೆ ಅಣ್ಣ ಆರಿಸಿದ ಫ್ರೇಮು ಮಂಟಪದ ಹಳದಿ ಲೈಟಿಂದು, ಹಳದಿ ತೆಗೆಯಕ್ಕೆ ಅಂತ ನೀಲಿ ಸುರಿದ್ರು, ಅದೊಂದು ಫ್ರೇಮು ಸಖತ್ತಾಗಿ ಬಂತು. ಅದೇ ಲಟ್ ಬೆಳಿಗ್ಗೆ ಅಂಗಳದಲ್ಲಿ ತೆಗೆದ ಅರಿಶಿಣ ಶಾಸ್ತ್ರಕ್ಕೆ ಬಿದ್ದಿದ್ದೇ ತಡ, ಹುಡುಗಿ ಮೈತುಂಬ ವಿಭೂತಿ ಬಳ್ಕೊಂಡು ಕೂತಿದ್ಲು, ತಿಂಡಿಗೆ ಹಾಕಿದ್ದ ಬೆಣ್ಣೆ ದೋಸೆ ಬೂದಿ ಬಣ್ಣಕ್ಕೆ ತಿರುಗಿತ್ತು. ದಾವಣಗೆರೆಯಲ್ಲಿ ಮದುಮಗನ ಮುಖ ಕೆಟ್ರೂ ಯಾರೂ ಕೇಳಲ್ಲ, ಬೆಣ್ಣೆ ದೋಸೆ ಬಣ್ಣ ಕೆಟ್ರೆ ಮಾತ್ರ ಅಡ್ವಾನ್ಸ್ ವಾಪಸ್ ಕೇಳ್ತಾರೆ.

ಸರಿ, ಅದನ್ನ ನಾನು ರಾತ್ರಿಯೆಲ್ಲಾ ಕೂತು ಸರಿಮಾಡಿದೆ ಅನ್ನೋಷ್ಟರಲ್ಲಿ ಅಣ್ಣ ಮುಹೂರ್ತದ ಕ್ಲಿಪ್ಪಿಗೆ ಕೈ ಹಾಕಿದ್ರು. "ಹುಡುಗಿ ಮುಖಕ್ಕೆ ಸ್ವಲ್ಪ ಕಳೆ ಬೇಕು" ಅಂತ ಮುಖದ ಸುತ್ತ ದುಂಡಗೆ ಮಾಸ್ಕ್ ಹಾಕಿ ಬ್ರೈಟ್‌ನೆಸ್ ಎತ್ತಿದ್ರು. ಫ್ರೇಮ್ ನಿಂತಿರೋವರೆಗೆ ಸಾಕ್ಷಾತ್ ಲಕ್ಷ್ಮಿ. ಪ್ಲೇ ಒತ್ತಿದ್ವಿ, ಪುರೋಹಿತರು ಏನೋ ಅಂದ್ರು, ಹುಡುಗಿ ಬಗ್ಗಿದ್ಲು, ಬೆಳಕು ಬಗ್ಗಲಿಲ್ಲ. ಹುಡುಗಿ ಕತ್ತಲಲ್ಲಿ, ಬೆಳಕು ಸೀದಾ ಹಿಂದೆ ಕುರ್ಚಿಯಲ್ಲಿ ಕೂತಿದ್ದ ಸೋದರಮಾವನ ಮೇಲೆ. ಮಾವ ಬಾಯಲ್ಲಿ ಕಿರುಬೆರಳು ಹಾಕಿ ಹಲ್ಲುಸಂದಿಯಿಂದ ಏನೋ ತೆಗೀತಿದ್ರು. ತೆಗೆದ್ರು, ನೋಡಿದ್ರು, ಪಂಚೆಗೆ ಒರೆಸಿದ್ರು, ಮತ್ತೆ ಬೆರಳು ಹಾಕಿದ್ರು. ಇತ್ತ ಗಟ್ಟಿಮೇಳ ಶುರುವಾಯ್ತು, ಅಕ್ಷತೆ ಹಾರ್ತಾ ಇದೆ, ದುಂಡು ಬೆಳಕಿನ ಒಳಗೆ ಮಾವ ಒಬ್ಬರೇ ಹೊಳೀತಾ ಆಕಳಿಸ್ತಿದಾರೆ, ಬಾಯಿ ಎಷ್ಟು ಅಗಲ ಅಂದ್ರೆ ಒಳಗಿನ ಬಂಗಾರದ ಹಲ್ಲಿಗೂ ಕಳೆ ಬಂದಿತ್ತು. ನನಗೆ ನಗು, ಸಿಟ್ಟು ಎರಡೂ. ಅಣ್ಣ ಮಾತ್ರ ಸ್ಕ್ರೀನ್ ಕಡೆ ಬಗ್ಗಿ, "ಅಲುಗಾಡಬ್ಯಾಡವ್ವಾ" ಅಂದ್ರು.

ಅದು ಅಣ್ಣಂಗೆ ಬಾಯಿಪಾಠ ಆಗಿರೋ ಮಾತು. ಕಾಟನ್ ಮಿಲ್ಲುಗಳು ನಡೀತಿದ್ದಾಗ ಬೋನಸ್ ಬಂದ ವಾರ ಮಿಲ್ಲಿನೋರು ಸಂಸಾರ ಸಮೇತ ಫೋಟೋ ತೆಗೆಸಕ್ಕೆ ಬರ್ತಿದ್ರಂತೆ, ಹೊಸ ಬಟ್ಟೆ ಹಾಕ್ಕೊಂಡು, ಉಸಿರು ಬಿಗಿಹಿಡಿದು. ಆಮೇಲೆ ಅಣ್ಣ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ ಮುಚ್ಚೋದು, ಪ್ರಿಂಟಿನ ಮೇಲೆ ಸಣ್ಣ ಬ್ರಷ್ಷಲ್ಲಿ ಸೀರೆ ಅಂಚಿಗೆ ಬಣ್ಣ ಹಚ್ಚೋದು. ಕೌಂಟರ್ ಹಿಂದೆ ಅಂಥದ್ದೊಂದು ಇನ್ನೂ ನೇತಾಡ್ತಿದೆ. ಅದರಲ್ಲಿರೋ ಹೆಂಗಸಿನ ಕುಂಕುಮ ಇವತ್ತಿಗೂ ಮಾಸಿಲ್ಲ. ಅದನ್ನ ನೋಡಿದ್ರೆ ಅಣ್ಣನ ಮೇಲೆ ಕೂಗಾಡಕ್ಕೆ ಬಾಯಿ ಬರಲ್ಲ, ರೆಂಡರ್ ಆಗಿ ಬಂದ ವಿಡಿಯೋ ನೋಡಿದ್ರೆ ಬರುತ್ತೆ.

ನಾನು ಮಾಸ್ಕ್ ಕಿತ್ತಾಕಿ ಹೊಸ ಕಾಪಿ ಮಾಡೋದ್ರೊಳಗೆ ಅಣ್ಣ ಹಳೇದನ್ನೇ ಪೆನ್‌ಡ್ರೈವಿಗೆ ಹಾಕಿ ಕಳಿಸಿಬಿಟ್ಟಿದ್ರು. ಇವತ್ತು ಬೆಳಿಗ್ಗೆ ಫೋನ್ ಬಂತು, ಹುಡುಗಿ ಮನೆಯೋರದಲ್ಲ, ಸೋದರಮಾವಂದು. ಮುಂದಿನ ತಿಂಗಳು ಅವರ ಮನೆ ಗೃಹಪ್ರವೇಶವಂತೆ. "ಆ ಮದುವೆ ವಿಡಿಯೋಕ್ಕೆ ಬಣ್ಣ ಮಾಡಿದ್ರಲ್ಲ, ನಮಗೂ ಅವರೇ ಮಾಡ್ಬೇಕು, ಹುಡುಗ್ರು ಗಿಡುಗ್ರು ಬ್ಯಾಡ" ಅಂದ್ರು. ಅಣ್ಣ ಸ್ಪೀಕರ್ ಆನ್ ಮಾಡಿ ನನಗೆ ಇನ್ನೊಂದ್ಸಲ ಕೇಳಿಸಿದ್ರು.